ಮಗಳು ಹುಯ್ದ ನೀರು

ಒರತಾಯ್ ಸಿಸ್ಟರ್‌ಗೆ,

ಈಗ ಡಯಾಲಿಸಿಸ್‌ಗೆ ಮುಂಚೆ ತೂಕ ನೋಡಿ, "ಅಮ್ಮಾ, ಒಂದು ಕೆಜಿ ನೀರು ಜಾಸ್ತಿಯಾಗಿದೆ, ಕಲ್ಲಂಗಡಿ ತಿಂದ್ರಾ?" ಅಂತ ಕೇಳಿದಿರಿ. ಹೂಂ ಅಂದೆ. ಅದು ಸುಳ್ಳು. ಕಲ್ಲಂಗಡಿ ಮುಟ್ಟಿ ಎರಡು ವರ್ಷವಾಯಿತು. ಎಲ್ಲರೆದುರು ಹೇಳಲಾರದೆ ಈ ಚೀಟಿ ಬರೆದಿದ್ದೇನೆ.

ಮೂರು ವರ್ಷದ ಮೇಲೆ ಮಗಳು ಕನ್ಲಯಾ ಹೊಸವರ್ಷದ ನೀರಿನ ಹಬ್ಬಕ್ಕೆಂದು ಫುಕೆಟ್‌ನಿಂದ ಬಂದಿದ್ದಳು. ನನ್ನ ಕಾಯಿಲೆ ಅವಳಿಗೆ ಗೊತ್ತಿಲ್ಲ; ಸೂಜಿಯ ಗುರುತು ಕಾಣದಂತೆ ಉದ್ದ ತೋಳಿನ ರವಿಕೆ ತೊಟ್ಟಿದ್ದೆ. ಪದ್ಧತಿಯಂತೆ ಆಶೀರ್ವಾದ ಬೇಡಿ ನನ್ನ ಅಂಗೈಗೆ ಮಲ್ಲಿಗೆ ನೀರು ಹುಯ್ದಳು. ಅದನ್ನು ಕೆಳಗಿನ ಬೋಗುಣಿಗೆ ಬಿಡಬೇಕು. ನಾನು ಕುಡಿದುಬಿಟ್ಟೆ.

"ಅಯ್ಯೋ, ಅದನ್ನ ಯಾರಾದ್ರೂ ಕುಡೀತಾರೇನಮ್ಮಾ?"

"ಬಾಯಾರಿದೆ ಕಣೇ, ಹುಯ್ಯಿ."

ನಗುತ್ತಾ ಹುಯ್ದಳು. ತಂಬಿಗೆ ಬರಿದಾಗುವವರೆಗೂ ಕುಡಿದೆ. ನಿನ್ನೆ ಬೆಳಿಗ್ಗೆ ಅವಳು ಬಸ್ಸು ಹತ್ತಿದಳು.

ಬೈಯಿರಿ, ನನಗೇನು ಹೊಸದಲ್ಲ. ಆದರೆ ಅವಳಿಗೆ ಫೋನ್ ಮಾಡಬೇಡಿ; ಗೊತ್ತಾದರೆ ಕೆಲಸ ಬಿಟ್ಟು ಬಂದು ಕೂರುತ್ತಾಳೆ. ನೀರನ್ನು ನಿಧಾನವಾಗಿ ತೆಗೆಯಿರಿ. ಹೋದ ಸಲ ಮೀನಖಂಡ ಹಿಡಿದುಕೊಂಡು ಪ್ರಾಣ ಹೋದಂತಾಗಿತ್ತು.

ಇನ್ನೊಂದು ಮಾತು. ಅವಳು ಹುಯ್ದದ್ದರಲ್ಲಿ ಒಂದು ಬೊಗಸೆಯಷ್ಟು ನನ್ನಲ್ಲೇ ಉಳಿಸಲಿಕ್ಕೆ ಆಗುತ್ತಾ?

ನಾಲ್ಕನೇ ಮಂಚದ
ಬುಆಪನ್