ಅರ್ಧ ಮಾತು ಕೇಳಿದ ಭಾವನವರಿಗೆ

ಭಾವನವರಿಗೆ,

ನಮಸ್ಕಾರ. ಹೀಗೆ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು, ಬರೆದಿದ್ದೇನೆ.

ನಿಮ್ಮ ಮಗಳು ಫೋನ್ ಮಾಡಿದ್ದಳು. ಕಿಬ್ಬೊಟ್ಟೆ ನೋವಂತೆ, ಸ್ಕ್ಯಾನ್‌ನಲ್ಲಿ ಅಲ್ಲಿ ನೀರು ಕಂಡಿದೆಯಂತೆ. "ಅಪ್ಪ ರಿಪೋರ್ಟ್ ನೋಡಿದ್ರು ಚಿಕ್ಕಮ್ಮ. ಹೆಂಗಸರಿಗೆ ಇದೆಲ್ಲ ಮಾಮೂಲು, ಡಾಕ್ಟರ್ ಹತ್ರ ಹೋಗೋದು ಬೇಡ ಅಂದ್ರು" ಎಂದಳು. ನೀವು ಯಾವಾಗ ಡಾಕ್ಟರಾದಿರೋ ನಮಗೆ ತಿಳಿಯಲೇ ಇಲ್ಲ.

ಅಕ್ಕನ ಸ್ಕ್ಯಾನ್ ಆದ ದಿನ ನಾನೂ ಆ ಕೋಣೆಯಲ್ಲಿದ್ದೆ. "ಮುಟ್ಟಾಗೋ ವಯಸ್ಸಲ್ಲಿ ಸ್ವಲ್ಪ ನೀರು ಕಾಣೋದು ಮಾಮೂಲು" ಎಂದರು ಡಾಕ್ಟರ್. ಅಷ್ಟಕ್ಕೇ ನೀವು ಎದ್ದು ಬಾಗಿಲ ಹತ್ತಿರ ಹೋಗಿದ್ದಿರಿ. "ಆದ್ರೆ ಇವರಿಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು. ನೀರು ಯಾಕೆ ಬಂತು ಅಂತ ಹುಡುಕಲೇಬೇಕು" ಎಂದು ಅವರು ಹೇಳಿದ್ದನ್ನು ನಾನು ನಿಮಗೆ ಒಪ್ಪಿಸಿದೆ. "ನೀನು ಸುಮ್ನಿರು, ನಿಂಗೇನು ಗೊತ್ತಾಗತ್ತೆ" ಎಂದಿರಿ. ಮನೆಗೆ ಬಂದು ಅಕ್ಕನಿಗೆ ನೀರು ಕುಡಿಯುವುದನ್ನು ಕಡಿಮೆ ಮಾಡಲು ಹೇಳಿದಿರಿ. ಪಾಪ, ಅವಳು ನಿಮ್ಮ ಮಾತು ಕೇಳಿದಳು. ಅಂಡಾಶಯದ ಗಡ್ಡೆ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಬಂದು ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ರಿಪೋರ್ಟ್ ಅವಳ ಕೈಗೆ ಕೊಟ್ಟಿರಿ. ನೀವು ಬರುವುದು ಬೇಡ. ಬಂದೇ ಬರುತ್ತೀರಾದರೆ ಹೊರಗಿನ ಬೆಂಚಿನ ಮೇಲೆ ಕೂತಿರಿ, ಒಳಗೆ ಮಾತು ಪೂರ್ತಿ ಕೇಳುವವರಿಗೆ ಮಾತ್ರ ಜಾಗವಿದೆ.

ಅವಳದು ಚಿಕ್ಕ ವಯಸ್ಸು. ನಿಜಕ್ಕೂ ಏನೂ ಇಲ್ಲದೆ ಇರಬಹುದು. ಆದರೆ ಅದನ್ನು ನಿಮ್ಮ ಬಾಯಿಂದ ಕೇಳಿ ನಂಬುತ್ತಿದ್ದವಳು ಈಗಿಲ್ಲ.

ಇಂತಿ,
ಅವಳ ತಂಗಿ