ಮಾಲಕ್ರ ಅಂದರೆ ಯಾರು

ಹುಬ್ಬಳ್ಳಿ
ಫೆಬ್ರುವರಿ ೩೦, ೨೧೫೨

ನೀಲಗಂಗಾ,

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತು ದಿನ. ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ಕಿತ್ತು ಅದಕ್ಕೆ ಕೊಟ್ಟು ಎಷ್ಟೋ ವರ್ಷವಾಯಿತು. ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕರಾರು ಪತ್ರಗಳಿಂದ. ಆ ಕನ್ನಡ ನಿಮಗೂ ಅರ್ಥವಾಗುತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ನಾನು ನಿನ್ನ ಮರಿಮೊಮ್ಮಗಳು, ಹೆಸರು ಇಂಚರಾ. ನನಗೀಗ ಅರವತ್ತೊಂದು. ಈ ಪತ್ರ ತಲುಪುವಾಗ ನಿನಗೆ ಇಪ್ಪತ್ತೊಂಬತ್ತು, ಮದುವೆಯೂ ಆಗಿರುವುದಿಲ್ಲ. ಮುತ್ತಜ್ಜಿ ಎನ್ನಲು ನಾಲಿಗೆ ಹೊರಳುತ್ತಿಲ್ಲ, ಏಕವಚನವೇ ಇರಲಿ.

ಹಿಂದಿನ ಕಾಲದವರಿಗೆ ಕಳಿಸುವ ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಅರವತ್ತು ದಾಟಿದವರಿಗೆ ಜನ್ಮದಲ್ಲಿ ಒಂದೇ ಒಂದು, ಎರಡು ಹಾಳೆ, ಅದೂ ಸ್ವಂತ ರಕ್ತದವರಿಗೆ ಮಾತ್ರ. ಚುನಾವಣೆಯಲ್ಲಿ ಯಾರು ಗೆದ್ದರು, ಯಾವ ಊರಿನ ಜಾಗಕ್ಕೆ ಬೆಲೆ ಬಂತು, ಯಾವ ಕಂಪನಿ ಮುಳುಗಿತು ಎಂದೆಲ್ಲ ಬರೆಯಕೂಡದು. ತನ್ನ ಕಸುಬಿನ ವಿಷಯ ಬರೆಯಬಹುದು. ಬಹಳ ಜನ ಹೋಳಿಗೆಯ ಹದ ಕೇಳಿ ಬರೆಯುತ್ತಾರೆ, ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಾರೆ. ನನಗೆ ಹೋಳಿಗೆಯ ಗೊಡವೆ ಬೇಡ. ನನಗೆ ನಿನ್ನ ಬರುವ ಸೋಮವಾರ ಬೇಕು.

ಮೊದಲು ನನ್ನ ಕಸುಬು ಹೇಳುತ್ತೇನೆ. ನಾನು ಓದಾಕಿ. ಇಲ್ಲಿ ಯಾರಾದರೂ ಮನೆಯನ್ನೋ ಗಾಡಿಯನ್ನೋ ಬಾಡಿಗೆಗೆ ಹಿಡಿಯುವುದಿದ್ದರೆ ಕಾಗದಕ್ಕೆ ಸಹಿ ಹಾಕುವ ಮುಂಚೆ ಅದನ್ನು ಅವರೆದುರು ಗಟ್ಟಿಯಾಗಿ ಓದಬೇಕು. ಓದಿದರಷ್ಟೇ ಸಾಲದು. ಕೇಳಿಸಿಕೊಂಡವರು ಅದನ್ನು ತಮ್ಮ ಮನೆಮಾತಿನಲ್ಲಿ ತಿರುಗಿ ಹೇಳಬೇಕು, ಹೇಳಿದ್ದು ಸರಿಯಿದ್ದರೆ ಮಾತ್ರ ಓದಾಕಿ ಹೂಂ ಅನ್ನುತ್ತಾಳೆ. ನಾನು ಮೂವತ್ತೆರಡು ವರ್ಷದಿಂದ ಮಿಂಚುಕಟ್ಟೆಯ ಮೇಲೆ ಕೂತು ಹೂಂ ಅನ್ನುತ್ತಿದ್ದೇನೆ. ಮಿಂಚುಕಟ್ಟೆ ಎಂದರೆ ಗಾಡಿಗಳಿಗೆ ಕರೆಂಟು ತುಂಬುವ ಜಗಲಿ. ಓಣಿಗೊಂದು ಇರುತ್ತದೆ, ಮೇಲೆ ಬಿಸಿಲು ಹಿಡಿಯುವ ಚಪ್ಪರ, ಕೆಳಗೆ ತಂಪು. ಗಾಡಿ ತುಂಬುವ ಹೊತ್ತಿನಲ್ಲಿ ಹೆಂಗಸರು ಶೇಂಗಾ ಸುಲಿಯುತ್ತಾರೆ, ಗಂಡಸರು ಶೇಂಗಾ ತಿನ್ನುತ್ತಾರೆ. ಆ ವಿಷಯದಲ್ಲಿ ನೂರಾ ಇಪ್ಪತ್ತು ವರ್ಷದಲ್ಲಿ ಏನೂ ಸುಧಾರಣೆ ಆಗಿಲ್ಲ. ಹಾರ್ನ್ ಎಂಬುದನ್ನು ತೆಗೆದುಹಾಕಿದ್ದಾರೆ. ಡಯಾಲಿಸಿಸ್ ಎಂಬ ಶಬ್ದದ ಅರ್ಥವನ್ನು ನಾನು ದಾಖಲೆ ಕೋಣೆಯಲ್ಲಿ ಕೇಳಿ ತಿಳಿಯಬೇಕಾಯಿತು. ಮೂತ್ರಪಿಂಡ ಕೈಕೊಟ್ಟವರಿಗೆ ಈಗ ಅವರೆಕಾಳಿನಷ್ಟು ದೊಡ್ಡದೊಂದು ಸಾಧನವನ್ನು ಬೆನ್ನಿನ ಚರ್ಮದೊಳಗೆ ಇಟ್ಟು ಮನೆಗೆ ಕಳಿಸುತ್ತಾರೆ. ನಿನ್ನ ಅಕ್ಕ ಶಕುಂತಲಾ, ನಿಮ್ಮೆಲ್ಲರ ಶಕ್ಕಕ್ಕ, ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ವಾರಕ್ಕೆ ಎರಡು ಸಲ ಹೋಗಿ ನಾಲ್ಕು ನಾಲ್ಕು ತಾಸು ಮಲಗಿ ಬರುತ್ತಿದ್ದಳು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅವಳಿಗಾಗಿಯೇ ನೀನು ಗಾಡಿ ಹಿಡಿಯಲು ಹೊರಟಿದ್ದೀಯ, ಗೊತ್ತು. ಅಕ್ಕನ ಜೊತೆ ಅದೇ ಆಸ್ಪತ್ರೆಗೆ ಹೋಗುವ ಊರಿನ ಇನ್ನಿಬ್ಬರನ್ನು ಕೂರಿಸಿಕೊಂಡು ಹೋಗುವುದು, ಉಳಿದ ದಿನ ಬಾಡಿಗೆ ಹೊಡೆಯುವುದು ನಿನ್ನ ಲೆಕ್ಕ. ಒಳ್ಳೆಯ ಲೆಕ್ಕ. ಎಲೆಕ್ಟ್ರಿಕ್ ಕಾರನ್ನು ಕೊಳ್ಳದೆ ಮೂರು ವರ್ಷದ ಲೀಸಿಗೆ ಪಡೆಯುತ್ತೇನೆ ಎಂದದ್ದೂ ಜಾಣತನವೇ. ಕೊಂಡರೆ ಸರಕಾರದ ತೆರಿಗೆ ರಿಯಾಯಿತಿ ನಿನ್ನ ಹೆಸರಿಗೆ ಬರುತ್ತಿತ್ತು ನಿಜ. ಆದರೆ ಅದು ಕೈಗೆ ಕೊಡುವ ದುಡ್ಡಲ್ಲ, ಕಟ್ಟುವ ತೆರಿಗೆಯಲ್ಲಿ ಕಳೆಯುವಂಥದ್ದು. ನಿನ್ನ ಗಳಿಕೆಗೆ ತೆರಿಗೆಯೇ ಇಲ್ಲ, ಇಲ್ಲದ ತೆರಿಗೆಯಲ್ಲಿ ಏನನ್ನು ಕಳೆಯುತ್ತೀ? ಗಾಡಿ ಲೀಸಿಗೆ ಕೊಡುವ ಕಂಪನಿಗಾದರೆ ಕಟ್ಟಬೇಕಾದ ತೆರಿಗೆ ಬೇಕಾದಷ್ಟಿದೆ, ಆದ್ದರಿಂದ ರಿಯಾಯಿತಿಯ ಎರಡು ಲಕ್ಷ ಹದಿನಾರು ಸಾವಿರವೂ ಅದಕ್ಕೆ ದಕ್ಕುತ್ತದೆ. ಅದನ್ನು ಮೂವತ್ತಾರು ತಿಂಗಳಿಗೆ ಹಂಚಿ ನಿನ್ನ ಬಾಡಿಗೆಯಲ್ಲಿ ಇಳಿಸಿದರೆ ತಿಂಗಳಿಗೆ ಆರು ಸಾವಿರ ಕಡಿಮೆ. ಇಳಿಸಿದರೆ. ಇಳಿಸಲೇಬೇಕು ಎಂದು ನಿಮ್ಮ ಕಾಲದ ಯಾವ ನಿಯಮವೂ ಹೇಳುವುದಿಲ್ಲ.

ಸೋಮವಾರ ಏನಾಯಿತು ಎಂಬುದು ನೀನೇ ಹನ್ನೊಂದು ವರ್ಷದ ಮೇಲೆ ಒಂದು ಸಮಿತಿಯ ಮುಂದೆ ಕೊಟ್ಟ ಹೇಳಿಕೆಯಲ್ಲಿದೆ. ಅದನ್ನು ನಾನು ಎಷ್ಟು ಸಲ ಓದಿದ್ದೇನೋ. ಗಾಡಿ ಲೀಸಿಗೆ ಕೊಡುವ ಅಂಗಡಿಯ ಹುಡುಗಿ ಬಹಳ ಮರ್ಯಾದೆಯವಳು. ಬರ್ರಿ ಮಾಲಕ್ರ, ಕೂಡ್ರಿ ಮಾಲಕ್ರ, ಚಾ ತಗೋರಿ ಮಾಲಕ್ರ. ಎದುರಿಗೆ ಬಂದವರನ್ನೆಲ್ಲ ಮಾಲೀಕರೇ ಎಂದು ಕರೆಯುವುದು ನಮ್ಮ ಊರಿನ ಚಟ. ಚಹಾದಂಗಡಿಯವನೂ ಮಾಲಕ್ರ, ರಿಕ್ಷಾದವನೂ ಮಾಲಕ್ರ, ವಿಳಾಸ ಕೇಳಲು ನಿಂತ ಅಪರಿಚಿತನೂ ಮಾಲಕ್ರ. ಆಮೇಲೆ ಅವಳು ಕಾಗದ ತೆಗೆದು, ತಿಂಗಳ ಬಾಡಿಗೆ ಇಪ್ಪತ್ನಾಲ್ಕು ಸಾವಿರದ ಐನೂರು, ತೆರಿಗೆ ರಿಯಾಯಿತಿ ವಾಹನದ ಮಾಲೀಕರಿಗೆ ಸಲ್ಲುತ್ತದೆ ಎಂದು ಓದಿದಳು. ನೀನು ಖುಷಿಯಿಂದ ಸಹಿ ಹಾಕಿದೆ. ಆರು ಸಾವಿರ ತಿಂಗಳು ತಿಂಗಳು ನಿನಗೇ ತಿರುಗಿ ಬರುತ್ತದೆ, ಕೈಯಿಂದ ಹೋಗುವುದು ಹದಿನೆಂಟೂವರೆ ಸಾವಿರ ಎಂದು ಮನೆಯಲ್ಲಿ ಹೇಳಿದೆ. ಸಮಿತಿಯವರು, ಕಾಗದ ಓದಿರಲಿಲ್ಲವೇ ಎಂದು ಕೇಳಿದಾಗ ನೀನು ಹೇಳಿದ್ದು ಹೀಗೆ: “ಮುಂಜಾನಿಂದ ನನ್ನ ಮಾಲಕ್ರ ಮಾಲಕ್ರ ಅಂತ ಕರದು, ಕಾಗದದಾಗಿನ ಮಾಲಕರು ಬ್ಯಾರೆಯವರು ಅಂದ್ರ ನಾ ಹೆಂಗ ತಿಳಕೋಬೇಕ್ರಿ?” ಒಬ್ಬರಾದರೂ ನಕ್ಕರೆಂದು ದಾಖಲೆಯಲ್ಲಿಲ್ಲ.

ಆ ಹುಡುಗಿ ಮೋಸ ಮಾಡಿದಳು ಎಂದುಕೊಳ್ಳಬೇಡ. ಅವಳು ಇದ್ದದ್ದನ್ನು ಇದ್ದ ಹಾಗೆ ಓದಿದಳು. ಕೇಳಿದವರಿಗೆ ಅದೇ ಕಂಪನಿ ಬಾಡಿಗೆ ಇಳಿಸಿಕೊಟ್ಟಿದೆ. ಅದೇ ತಿಂಗಳ, ಅದೇ ಗಾಡಿಯ ನಾಲ್ಕು ಕರಾರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ನಾಲ್ಕರಲ್ಲೂ ಹದಿನೆಂಟೂವರೆ. ಅವರು ಬಾಯಿಬಿಟ್ಟು ಕೇಳಿದ್ದರು, ಅಷ್ಟೇ. ಇದನ್ನು ನೋಡಿದ ದಿನ ನನಗೆ ನಿನ್ನ ಮೇಲೆಯೇ ಸಿಟ್ಟು ಬಂತು. ಎರಡು ದಿನ ನಿನ್ನ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ಆಮೇಲೆ ಪಾಪ ಅನ್ನಿಸಿತು. ನಿನ್ನನ್ನು ಅಷ್ಟು ಪ್ರೀತಿಯಿಂದ ಯಾರೂ ಮಾಲಕ್ರ ಎಂದಿರಲಿಲ್ಲವೇನೋ.

ಆ ಆರು ಸಾವಿರ ಬರಲೇ ಇಲ್ಲ, ಪೂರ್ತಿ ಬಾಡಿಗೆ ಕಟ್ಟಲಾಗದೆ ಎಂಟನೆಯ ತಿಂಗಳಿಗೆ ಗಾಡಿ ತಿರುಗಿ ಹೋಯಿತು. ಶಕ್ಕಕ್ಕ ಬಸ್ಸಿನಲ್ಲಿ ಹೋಗತೊಡಗಿದಳು. ವಾರಕ್ಕೆ ಎರಡು ಇದ್ದದ್ದು ಒಂದಾಯಿತು. ನಿನ್ನ ಹೇಳಿಕೆಯ ಕೊನೆಯ ಪುಟದಲ್ಲಿ ಇದಿದೆ: “ಸೀಟ್ ಸಿಕ್ಕಿತ್ತವಾ, ಕೂತ್ಕೊಂಡ ಬಂದೆ ಅಂತಿದ್ಲು ಅಕ್ಕ. ಅಕಿ ಕಾಲ ಬಾವು ನೋಡಿದ್ರ ತಿಳೀತಿತ್ರಿ, ನಿಂತ ಬಂದಾಳ ಅಂತ.” ಐದು ತಿಂಗಳಲ್ಲಿ ಅವಳು ಹೋದಳು. ನಮ್ಮ ಓದಿಸುವ ಕಾನೂನು ಹುಟ್ಟಿದ್ದು ಆ ಪುಟದಿಂದ. ಶಾಲೆಯ ಮಕ್ಕಳಿಗೆ ಅದನ್ನು ಕಲಿಸುತ್ತಾರೆ, ನಿನ್ನ ಹೆಸರಿನ ರಸ್ತೆಯೂ ಇದೆ. ರಸ್ತೆ ತೆಗೆದುಕೊಂಡು ಏನು ಮಾಡುತ್ತೀ?

ಆದ್ದರಿಂದ ಸೋಮವಾರ ಸಹಿ ಹಾಕುವ ಮುಂಚೆ ಆ ಹುಡುಗಿಯನ್ನು ಒಂದು ಮಾತು ಕೇಳು: “ಈ ರಿಯಾಯಿತಿಯೊಳಗ ನನಗ ಮುಟ್ಟೂದು ಎಷ್ಟು? ಅದನ್ನ ಬಾಡಿಗಿಯೊಳಗ ಇಳಿಸಿ ಬರದು ಕೊಡ್ರಿ.” ರಿಯಾಯಿತಿಯ ಯೋಜನೆ ಈ ತಿಂಗಳಿಗೆ ಮುಗಿಯುತ್ತದೆ ಎಂದು ಅವಸರ ಮಾಡುತ್ತಾರೆ. ಅದು ನಿಜವೇ, ಆದರೆ ತಿಂಗಳಿನ್ನೂ ಒಂಬತ್ತು ದಿನ ಇದೆ. ಬಾಯಿಮಾತಿಗೆ ಒಪ್ಪಬೇಡ. ಇಳಿಸುವುದಿಲ್ಲ ಎಂದರೆ ಎದ್ದು ಬೇರೆ ಅಂಗಡಿಗೆ ಹೋಗು, ಚಹಾ ಕುಡಿದ ದಾಕ್ಷಿಣ್ಯಕ್ಕೆ ಕೂರಬೇಡ. ನಿನಗೆ ದಾಕ್ಷಿಣ್ಯ ಹೆಚ್ಚು, ಅದು ನನ್ನ ತಾಯಿಯವರೆಗೂ ಇಳಿದು ಬಂದಿತ್ತು.

ಇನ್ನೊಂದು ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಅಕ್ಕ ಹೋದ ಮೇಲೆ ಅವಳ ಎರಡು ಮಕ್ಕಳ ಮುಖ ನೋಡಿ ಹಿರಿಯರು ನಿನ್ನನ್ನು ಭಾವ ಚನ್ನವೀರಪ್ಪನಿಗೆ ಕೊಟ್ಟರು. ಮದುವೆಯ ಫೋಟೋ ನನ್ನ ಹತ್ತಿರ ಇದೆ, ಅದರಲ್ಲಿ ಯಾರೂ ನಕ್ಕಿಲ್ಲ. ನಿಮಗೆ ಹುಟ್ಟಿದವಳು ನನ್ನ ಅಜ್ಜಿ. ಅಕ್ಕ ಉಳಿದರೆ ಆ ಮದುವೆ ಇಲ್ಲ, ಅಜ್ಜಿ ಇಲ್ಲ, ತಾಯಿ ಇಲ್ಲ. ಹಿಂದೋಲೆ ಕಚೇರಿಯಲ್ಲಿ ಇಂಥದ್ದಕ್ಕೆ ಬೇರೆ ಒಪ್ಪಿಗೆಯ ಕಾಗದ ಇದೆ. ನಾನೇ ಕೆಲಸ ಕಲಿಸಿದ ಓದಾಕಿಯೊಬ್ಬಳು ಅದನ್ನು ನನಗೆ ಓದಿದಳು, ನಡುವೆ ಒಂದು ಸಾಲು ನುಂಗಿದಳು, ಸರಿಯಾಗಿ ಓದು ಎಂದು ಗದರಿದೆ. ಆಮೇಲೆ ನಿಯಮದಂತೆ ತಿರುಗಿ ಹೇಳಿದೆ: “ಅಕ್ಕ ಉಳದ್ರ ನಾ ಇರಂಗಿಲ್ಲ. ತಿಳದೈತಿ.” ಅವಳು ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿಸಿ ಹೇಳಿಸಿ, ಆಮೇಲೆ ಹೂಂ ಅಂದಳು.

ಭಯ ಇಲ್ಲ ಎಂದರೆ ಸುಳ್ಳು. ಬೆಳಿಗ್ಗೆಯಿಂದ ಎರಡು ಸಲ ಈ ಹಾಳೆಯನ್ನು ಹರಿಯಲು ಹೋಗಿದ್ದೇನೆ. ನನ್ನನ್ನು ನೆನೆದು ನೀನು ಹಿಂಜರಿಯಬೇಡ. ಹುಟ್ಟದವರಿಗೆ ನೋವಿಲ್ಲ ಎಂದು ಕಚೇರಿಯವರು ಹೇಳುತ್ತಾರೆ, ನಂಬಿದ್ದೇನೆ. ನಾನು ಅರವತ್ತೊಂದು ವರ್ಷ ಹೊಟ್ಟೆ ತುಂಬ ಉಂಡಿದ್ದೇನೆ, ಬೇಕಾದವರ ಜೊತೆ ಬೇಕಾದಷ್ಟು ಜಗಳವಾಡಿದ್ದೇನೆ. ಶಕ್ಕಕ್ಕನಿಗೆ ಮೂವತ್ತೆಂಟು ತುಂಬಿರಲಿಲ್ಲ. ಕೇಳು ತಂಗಿ, ನಾಚಿಕೊಳ್ಳದೆ ಕೇಳು.

ಇಂಚರಾ