ಗೋಡೆಯಿಲ್ಲದ ರೋಗಕ್ಕೆ ಪೆನಿಸಿಲಿನ್

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ನಾಲ್ಕು ವರ್ಷದ ಮಗಳು ನೀಲಾಬಾಯಿಯ ಎಡಗಾಲು ಹೋಗಿದೆ. ಈ ಬಗ್ಗೆ ನಾನು ಬರೆದ ಅರ್ಜಿಗೆ ತಮ್ಮ ಕಚೇರಿ ದಯಪಾಲಿಸಿದ ಉತ್ತರ ಇದು: ಸೂಜಿಯನ್ನು ಕುದಿಸಲಾಗಿತ್ತು, ಪೆನಿಸಿಲಿನ್ನಿನ ಅವಧಿ ಮೀರಿರಲಿಲ್ಲ, ಆದ್ದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಸ್ವಾಮಿ, ಸೂಜಿ ಹೊಲಸಾಗಿತ್ತೆಂದು ನಾನೆಲ್ಲಿ ಬರೆದಿದ್ದೆ? ಅಷ್ಟು ಶುದ್ಧವಾದ ಸೂಜಿಯನ್ನು ಆ ಜ್ವರಕ್ಕೆ ಚುಚ್ಚಿದ್ದೇಕೆ ಎಂದಷ್ಟೇ ಕೇಳಿದ್ದೆ.

ನಾನು ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವನು. ಬ್ಯಾಕ್ಟೀರಿಯಾ ಮತ್ತು ವೈರಸ್ಸುಗಳ ಭೇದವನ್ನು ಹುಡುಗರಿಗೆ ಹೀಗೆ ಹೇಳುತ್ತಿದ್ದೆ: ಬ್ಯಾಕ್ಟೀರಿಯಾ ಎಂದರೆ ಸ್ವಂತ ಗೋಡೆ, ಸ್ವಂತ ಒಲೆ ಇರುವ ಸಂಸಾರಸ್ಥ. ಪೆನಿಸಿಲಿನ್ ಹೋಗಿ ಆ ಗೋಡೆ ಕೆಡವಿದರೆ ಸಂಸಾರ ಬೀದಿಪಾಲು. ವೈರಸ್ಸಿಗೆ ಮನೆಯಿಲ್ಲ, ಒಲೆಯಿಲ್ಲ. ಶಾಲೆಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದು. ನಮ್ಮ ಜೀವಕೋಶದೊಳಗೇ ಹೊಕ್ಕು, ನಮ್ಮ ಒಲೆಯಲ್ಲೇ ತನ್ನಂಥ ಸಾವಿರವನ್ನು ಬೇಯಿಸಿಕೊಳ್ಳುವ ಬೀಗರ ಜಾತಿ. ಕೆಡವಲು ಗೋಡೆಯೇ ಇಲ್ಲದ ಮೇಲೆ ಪೆನಿಸಿಲಿನ್ ಏನು ಮಾಡೀತು? ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಕಳೆದ ಶ್ರಾವಣದವರೆಗೆ.

ಆಗ ನಾವು ನಿಡೋಣಿಯಲ್ಲಿ, ನನ್ನ ತಾಯಿ ಗುರುಬಸವ್ವನ ಮನೆಯಲ್ಲಿದ್ದೆವು. ಮಗುವಿಗೆ ಜ್ವರ ಬಂತು. ಆ ಭಾಗದ ಒಂದು ಸರಕಾರಿ ದವಾಖಾನೆಗೆ ಒಯ್ದೆವು. ಡಾಕ್ಟರರು ಊರಲ್ಲಿರಲಿಲ್ಲ. ಕಂಪೌಂಡರ್ ಅಮರಪ್ಪ ಮಗುವಿನ ಕುತ್ತಿಗೆ ಮುಟ್ಟಿ ನೋಡಿ, ಗುಳಿಗೆ ಕೊಟ್ಟು, "ಇದು ಬ್ಯಾರೆ ನಮೂನಿ ಜ್ವರ ಕಾಣತೈತ್ರಿ, ಎರಡ ದಿನ ಮಲಗಸ್ರಿ" ಎಂದ. ಆದರೆ ನಮ್ಮ ಕಡೆ ಸೂಜಿ ಚುಚ್ಚದ ದವಾಖಾನೆಯನ್ನು ಯಾರೂ ದವಾಖಾನೆ ಎನ್ನುವುದಿಲ್ಲ. ಗುಳಿಗೆ ಹಿಡಿದು ಮರಳುವುದೆಂದರೆ ಊಟಕ್ಕೆ ಕರೆದವರು ನೀರು ಕೊಟ್ಟು ಕಳಿಸಿದಂತೆ. ಮೇಲಾಗಿ ಅವನ ಬೆನ್ನ ಹಿಂದೆ ತಮ್ಮ ಇಲಾಖೆಯ ಚಿತ್ರವಿತ್ತು: ನಗುವ ಕೂಸು, ಪಕ್ಕದಲ್ಲಿ ಸೂಜಿ, ಕೆಳಗೆ ಅಚ್ಚಗನ್ನಡದಲ್ಲಿ, 'ಜ್ವರ ಬಂದರೆ ತಡಮಾಡದೆ ಸೂಜಿ ಹಾಕಿಸಿರಿ.' ಅಕ್ಷರ ಬಾರದ ನನ್ನ ತಾಯಿ ಅದಕ್ಕೇ ಬೆರಳು ಮಾಡಿದಳು.

"ಚಕ್ಕಡಿ ಹೂಡ್ಕೊಂಡು ಬಂದೇವಿ, ಬರೇ ಗುಳಿಗಿ ಕೊಟ್ಟು ಕಳಸ್ತೀಯೇನೋ ಯಪ್ಪಾ? ಗ್ವಾಡಿ ಮ್ಯಾಲಿನ ಚಿತ್ರ ಸುಳ್ಳೇನ?"

ಅಮರಪ್ಪ ನನ್ನ ಮುಖ ನೋಡಿದ. ಹನ್ನೊಂದು ವರ್ಷ ಪಾಠ ಹೇಳಿದ ನಾನು, ಲಾಭವಿಲ್ಲದಿದ್ದರೂ ನಷ್ಟವೇನು, ಮುದುಕಿಯ ಮನಸ್ಸೇಕೆ ನೋಯಿಸಬೇಕು ಎಂದುಕೊಂಡು "ಹಾಕ್ರಿ" ಎಂದೆ. ಮಗು ಕೊಸರದಂತೆ ಕಾಲು ಹಿಡಿದವನೂ ನಾನೇ.

ಮೂರನೆಯ ದಿನ ಸೂಜಿ ಚುಚ್ಚಿದ ಆ ಎಡಗಾಲು ಏಳಲಿಲ್ಲ. ಮಿರಜಿಗೆ ಒಯ್ದೆವು. ಇದು ಪೋಲಿಯೋ ವೈರಸ್ಸು, ಅದು ಮೈಯಲ್ಲಿರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಕೆಲವೊಮ್ಮೆ ಲಕ್ವ ಆ ಅಂಗಕ್ಕೇ ಇಳಿಯುತ್ತದೆ ಎಂದರು ಅಲ್ಲಿಯ ವೈದ್ಯರು. ಕಾಲ ಬಂದರೆ ಸ್ವಲ್ಪ ಸುಧಾರಿಸೀತು ಎಂದೂ ಹೇಳಿದರು. ಕಾಲ ಬಂತು, ಕಾಲು ಬರಲಿಲ್ಲ.

ಮರಳಿ ಬಂದು ಕೇಳಿದಾಗ ಅಮರಪ್ಪ ಕಪಾಟಿನಿಂದ ಒಂದು ಕಾಗದ ತೆಗೆದ. ಎರಡು ವರ್ಷದ ಹಿಂದೆ ತಮ್ಮ ಕಚೇರಿಯೇ ಕಳಿಸಿದ್ದ ಇಂಗ್ಲಿಷ್ ಸುತ್ತೋಲೆ. "ಇದರಾಗ ಏನ ಬರದಾರ್ರಿ ಸರ?" ಎಂದ. ಓದಿ ಹೇಳಿದೆ: ಪೋಲಿಯೋ ಹಬ್ಬಿರುವಾಗ ಜ್ವರದ ಮಕ್ಕಳಿಗೆ ಅನಾವಶ್ಯಕ ಇಂಜೆಕ್ಷನ್ ಕೊಡಬಾರದು. ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅಂದರೆ ತಮಗೆ ಗೊತ್ತಿತ್ತು. ತಿಳುವಳಿಕೆಯನ್ನು ಇಂಗ್ಲಿಷಿನಲ್ಲಿ ಕಪಾಟಿಗೆ, ತಪ್ಪನ್ನು ಕನ್ನಡದಲ್ಲಿ ಗೋಡೆಗೆ ಕಳಿಸಿದ ಜಾಣ್ಮೆ ಯಾರದು? ನನ್ನ ಪಾಲಿನ ತಪ್ಪನ್ನು ನಾನು ದಿನಾ ಎತ್ತಿಕೊಂಡು ಓಡಾಡುತ್ತೇನೆ. ಅದು ಹದಿಮೂರು ಸೇರು ತೂಗುತ್ತದೆ. ತಮ್ಮ ಪಾಲನ್ನು ಯಾವ ಕಡತದಲ್ಲಿ ಮುಕ್ತಾಯಗೊಳಿಸಿದಿರಿ?

ಮೊನ್ನೆ ನೀಲಾ ಅಂದಳು: "ಅಪ್ಪಾ, ಇನ್ನೊಂದ ಸೂಜಿ ಹಾಕಸು. ಈ ಸಲ ನಾ ಅಳೂದಿಲ್ಲ."

ಬರುವ ಮಳೆಗಾಲಕ್ಕೆ ಮುಂಚೆ ಆ ಚಿತ್ರಗಳನ್ನು ಕೀಳಿಸಿ, ಆ ಸುತ್ತೋಲೆಯನ್ನು ಕನ್ನಡದಲ್ಲಿ ಅಂಟಿಸಿರಿ. ಓದಲು ಬಾರದ ತಾಯಂದಿರಿಗೆ ಸಂತೆಯ ದಿನ ಓದಿ ಹೇಳಿಸಿರಿ. ಇನ್ನೊಂದು ಸೂಜಿಯಿಂದ ಕಾಲು ಬಾರದೆಂದು ನೀಲಾಳಿಗೆ ಮಾತ್ರ ತಾವೇ ಬಂದು ಹೇಳಬೇಕು. ನನ್ನಿಂದ ಆಗುತ್ತಿಲ್ಲ.

ಇಂತಿ,
ಪಾಠ ಬಲ್ಲ, ಬಾಯಿ ಬಾರದ ಒಬ್ಬ ಮಾಸ್ತರ,
ಸ್ಟೇಷನ್ ರಸ್ತೆ, ವಿಜಾಪುರ